ಸಾವಿಗೊಂದು ನೆಪ

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಯ ಕೊನೆಯ ಭಾಗದಲ್ಲಿ ‘ಲಿಂಗೈಕ್ಯರಿಗೆ ನುಡಿನಮನ’ ಎಂಬ ಪುಟಗಳಿರುವುದು ಓದುಗ ಮಹನೀಯರೆಲ್ಲರಿಗೂ ತಿಳಿದ ಸಂಗತಿ. ಆ ವರ್ಷ ನಮ್ಮನ್ನಗಲಿದ ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ದಾನಿಗಳು, ಪ್ರಸಾದ ನಿಲಯದಲ್ಲಿ ದುಡಿದವರು ಇವರೆಲ್ಲರ ಹೆಸರು, ಊರು, ವಯಸ್ಸು ಮತ್ತು ಶಾಲೆಯೊಡನೆ ಅವರಿಗಿದ್ದ ಸಂಬಂಧ, ಇಷ್ಟನ್ನು ಅಲ್ಲಿ ಮುದ್ರಿಸುವುದು ವಾಡಿಕೆ. ಸಂಪಾದಕ ಮಂಡಲಿಯವರು ಹಲವು ವರ್ಷಗಳಿಂದ ಆ ಪುಟಗಳ ಸಂಯೋಜನೆಯನ್ನು ಕನ್ನಡ ಪಂಡಿತನಾದ ನನಗೆ ವಹಿಸಿದ್ದಾರೆ. ಈ ಸಲ ಒಂದು ಸ್ವತಂತ್ರ ಲೇಖನವನ್ನೂ ಬರೆಯಬೇಕೆಂದು ಅವರು ಅಪೇಕ್ಷಿಸಿದಾಗ, ಹಳಗನ್ನಡ ಕಾವ್ಯವನ್ನೋ ಛಂದಸ್ಸನ್ನೋ ಕುರಿತು ಬರೆಯುವೆನೆಂದು ಅವರು ನಿರೀಕ್ಷಿಸಿದ್ದಿರಬೇಕು. ಆದರೆ ನನ್ನ ಮನಸ್ಸು ಆ ಕೊನೆಯ ಪುಟಗಳಲ್ಲಿಯೇ ನೆಲೆನಿಂತಿತ್ತು. ನಮ್ಮ ನಾಡಿನ ಜನ ಏತರಿಂದ ಸಾಯುತ್ತಾರೆ? ಹಿಂದೆ ಏತರಿಂದ ಸಾಯುತ್ತಿದ್ದರು? ಈ ಪ್ರಶ್ನೆಗಳನ್ನು ವೈದ್ಯರು ಕೇಳಬೇಕು, ವ್ಯಾಕರಣ ಬೋಧಿಸುವವನಿಗೆ ಇದರಲ್ಲೇನು ಕೆಲಸ ಎಂದು ಯಾರಾದರೂ ಆಕ್ಷೇಪಿಸಿಯಾರು. ಇದರಲ್ಲಿ ಹೆಸರಿಡುವ ಕೆಲಸವೂ ಸೇರಿರುವುದರಿಂದ ಪಂಡಿತನಿಗೂ ಇಲ್ಲಿ ಒಂದಿಷ್ಟು ಅಧಿಕಾರವುಂಟೆಂದು ನಾನು ಭಾವಿಸಿದ್ದೇನೆ.

ಸಾವನ್ನು ಹೇಳುವ ಮಾತುಗಳಲ್ಲಿ ಕನ್ನಡ ಬಡವಲ್ಲ. ಲಿಂಗೈಕ್ಯರಾದರು, ಶಿವಾಧೀನರಾದರು, ಕೈಲಾಸವಾಸಿಗಳಾದರು, ಬಯಲಾದರು ಎಂಬ ಮಾತುಗಳು ನಮ್ಮ ಪರಂಪರೆಯಲ್ಲಿವೆ. ವೈಕುಂಠವಾಸಿ, ಸ್ವರ್ಗಸ್ಥ, ದಿವಂಗತ ಎಂಬುವು ಇತರರಲ್ಲಿವೆ. ತೀರಿಕೊಂಡರು, ಹೋಗಿಬಿಟ್ಟರು, ಕಾಲವಾದರು, ಅಸುನೀಗಿದರು ಎಂಬುವು ಎಲ್ಲರವು. ಇವನ್ನೆಲ್ಲ ಒಂದೆಡೆ ಇಟ್ಟು ನೋಡಿದರೆ ಒಂದು ಅಂಶ ಗೋಚರಿಸುತ್ತದೆ. ಜೀವ ಎಲ್ಲಿಗೆ ಹೋಯಿತೆಂಬುದನ್ನು ಅಥವಾ ಹೋಯಿತೆಂಬುದನ್ನಷ್ಟೇ ಈ ಪದಗಳು ಹೇಳುತ್ತವೆ. ಏತರಿಂದ ಹೋಯಿತೆಂಬುದನ್ನು ಇವುಗಳಲ್ಲಿ ಒಂದೂ ಹೇಳುವುದಿಲ್ಲ. ಆ ಪ್ರಶ್ನೆ ಎದ್ದಾಗ ನಮ್ಮ ಹಿರಿಯರು ಒಂದು ಗಾದೆಯಿಂದ ಅದನ್ನು ಮುಚ್ಚಿಬಿಡುತ್ತಿದ್ದರು: ‘ಸಾವಿಗೊಂದು ನೆಪ.’ ಹಣೆಯಲ್ಲಿ ಬರೆದ ದಿನ ಬಂದಿತು, ಜ್ವರವೋ ಹಾವೋ ಒಂದು ನೆಪವಾಯಿತು ಎಂಬುದು ಅದರ ತಾತ್ಪರ್ಯ. ದುಃಖದಲ್ಲಿ ಮುಳುಗಿದ ಮನೆಯವರಿಗೆ ಈ ಮಾತು ಸಮಾಧಾನ ಕೊಡುತ್ತದೆ. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ನೆಪ ಬೇರೆ, ಕಾರಣ ಬೇರೆ. ನೆಪವೆಂದ ಕೂಡಲೆ ವಿಚಾರ ನಿಂತುಹೋಗುತ್ತದೆ. ಕಾರಣವೆಂದರೆ ಅದನ್ನು ತಡೆಯಬಹುದೇ ಎಂಬ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ. ಕಳೆದ ನೂರೈವತ್ತು ವರ್ಷಗಳ ನಮ್ಮ ನಾಡಿನ ಮರಣಗಳ ಚರಿತ್ರೆಯನ್ನು ನೆಪಗಳು ಒಂದೊಂದಾಗಿ ಕಾರಣಗಳಾದ ಚರಿತ್ರೆಯೆಂದು ಕರೆಯಬಹುದು.

ನನ್ನ ಅಜ್ಜಿಗೆ ತಾನು ಹುಟ್ಟಿದ ಇಸವಿ ತಿಳಿದಿರಲಿಲ್ಲ. ಪ್ಲೇಗಿನ ಎರಡನೆಯ ಸಲ ಊರು ಬಿಟ್ಟ ವರ್ಷ ಹುಟ್ಟಿದವಳು ತಾನೆಂದು ಹೇಳುತ್ತಿದ್ದಳು. ಅವಳ ಕಾಲದವರಿಗೆ ಪಂಚಾಂಗವೆಂದರೆ ಸಾವುಗಳ ಪಂಚಾಂಗವೇ. ಬರದ ವರ್ಷ, ಪ್ಲೇಗಿನ ವರ್ಷ, ಇನ್‌ಫ್ಲುಯೆಂಜಾ ವರ್ಷ ಎಂದೇ ಅವರ ಲೆಕ್ಕ ನಡೆಯುತ್ತಿತ್ತು. ಮನೆಯಲ್ಲಿ ಇಲಿ ಬಿದ್ದವೆಂದರೆ ದವಸ ಪಾತ್ರೆಗಳನ್ನು ಗಾಡಿಗೆ ಹೇರಿ, ಊರ ಹೊರಗೆ ಹೊಲಗಳಲ್ಲಿ ಜೋಪಡಿ ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರಂತೆ. ಹೋದಷ್ಟೇ ಜನ ಹಿಂದಿರುಗುವುದು ಅಪರೂಪವೆಂದು ಅಜ್ಜಿ ಹೇಳುತ್ತಿದ್ದಳು.

ಆ ಕಾಲದ ಮರಣಗಳ ಪಟ್ಟಿಯನ್ನು ಭಾಷೆಯಲ್ಲಿಯೇ ಹುಡುಕುವುದಾದರೆ ನಮ್ಮ ಹೆಂಗಸರ ಬೈಗುಳಗಳು ಒಳ್ಳೆಯ ಆಕರ. ‘ನಿನಗೆ ಪ್ಲೇಗು ಬಡಿಯ’, ‘ನಿನ್ನ ಮಾರಿ ಹೊತ್ತೊಯ್ಯ’, ‘ನಿನಗೆ ವಾಂತಿಭೇದಿ ಆಗ’ ಎಂಬ ಶಾಪಗಳನ್ನು ಕೇಳದೆ ಬೆಳೆದವರು ಹಳ್ಳಿಗಳಲ್ಲಿ ಕಡಿಮೆ. ಹಾಕಿದ ಶಾಪ ಎದುರಿನವರಿಗೆ ನಾಟಬೇಕಾದರೆ ಅದರಲ್ಲಿ ಹೇಳಿದ ಸಾವು ಕಣ್ಣೆದುರು ನಡೆದಿರಬೇಕು. ‘ನಿನಗೆ ಸಕ್ಕರೆ ಕಾಯಿಲೆ ಬರ’ ಎಂದೋ ‘ನಿನ್ನ ರಕ್ತದೊತ್ತಡ ಏರ’ ಎಂದೋ ಶಪಿಸಿದವರನ್ನು ನಾನು ಈವರೆಗೆ ಕೇಳಿಲ್ಲ. ಇಂದು ನಮ್ಮವರನ್ನು ಒಯ್ಯುತ್ತಿರುವ ರೋಗಗಳು ಬೈಗುಳದಲ್ಲಿ ಇನ್ನೂ ಸ್ಥಾನ ಪಡೆದಿಲ್ಲ. ಜನರ ಭಯ ಅಜ್ಜಿಯರ ಕಾಲದಲ್ಲಿಯೇ ಉಳಿದಿದೆ, ಮರಣ ಮಾತ್ರ ಬಹು ದೂರ ಸಾಗಿಬಂದಿದೆ.

ಇನ್ನು ಲಿಖಿತ ಆಧಾರಗಳ ಮಾತು. ಧಾತು, ಈಶ್ವರ ಸಂವತ್ಸರಗಳ ಬರವೆಂದು ಹೆಸರಾದ ೧೮೭೬–೭೮ರ ಕ್ಷಾಮ ಹಳೆಯ ಮೈಸೂರು ಸಂಸ್ಥಾನವನ್ನು ಹೇಗೆ ಬರಿದು ಮಾಡಿತೆಂಬುದಕ್ಕೆ ಎರಡು ಜನಗಣತಿಗಳು ಸಾಕ್ಷಿ. ೧೮೭೧ರಲ್ಲಿ ಸುಮಾರು ೫೦.೫೫ ಲಕ್ಷವಿದ್ದ ಜನಸಂಖ್ಯೆ ೧೮೮೧ರಲ್ಲಿ ೪೧.೮೬ ಲಕ್ಷಕ್ಕೆ ಇಳಿದಿತ್ತು. ಹಸಿವಿನಿಂದ ಸತ್ತವರಿಗಿಂತ, ಹಸಿದ ದೇಹಕ್ಕೆ ಎರಗಿದ ಕಾಲರಾ, ಭೇದಿ, ಸಿಡುಬು, ಜ್ವರಗಳಿಂದ ಸತ್ತವರೇ ಹೆಚ್ಚೆಂಬುದು ಇಂತಹ ಕ್ಷಾಮಗಳ ಸಾಮಾನ್ಯ ಲಕ್ಷಣ. ೧೮೯೬ರಲ್ಲಿ ಮುಂಬಯಿಗೆ ಬಂದ ಪ್ಲೇಗು ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕಿತು. ಇಕ್ಕಟ್ಟಾದ ಹಳೆಯ ಪೇಟೆಯ ಹೊರಗೆ ಗಾಳಿ ಬೆಳಕುಳ್ಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಆ ದಿನಗಳಲ್ಲಿಯೇ ತಲೆಯೆತ್ತಿದವು. ಬಳಿಕ ೧೯೧೮ರ ಇನ್‌ಫ್ಲುಯೆಂಜಾ ಬಂದಿತು. ೧೯೧೧ರಿಂದ ೧೯೨೧ರವರೆಗಿನ ದಶಕದಲ್ಲಿ ಇಡೀ ಭಾರತದ ಜನಸಂಖ್ಯೆ ಬೆಳೆಯುವ ಬದಲು ಕುಗ್ಗಿತು. ಆ ದಶಕದಲ್ಲಿ ಭಾರತೀಯನ ಸರಾಸರಿ ಆಯುಷ್ಯ ಸುಮಾರು ೨೦ ವರ್ಷವೆಂದು ಅಂದಾಜು ಮಾಡಿದ್ದಾರೆ. ಎಲ್ಲರೂ ಇಪ್ಪತ್ತಕ್ಕೇ ಸತ್ತರೆಂದು ಇದರ ಅರ್ಥವಲ್ಲ. ತೊಟ್ಟಿಲಿನಲ್ಲಿಯೇ ಕಣ್ಮುಚ್ಚಿದ ಕೂಸುಗಳೂ ಹೆರಿಗೆಯಲ್ಲಿ ತೀರಿಹೋದ ತಾಯಂದಿರೂ ಸಾಂಕ್ರಾಮಿಕಗಳಿಗೆ ಬಲಿಯಾದ ತರುಣರೂ ಸೇರಿ ಆ ಸರಾಸರಿಯನ್ನು ಅಷ್ಟು ಕೆಳಗೆ ಎಳೆದಿದ್ದರು.

ಈ ರೋಗಗಳು ಬಡವರ ಗುಡಿಸಲನ್ನೇ ಆರಿಸಿಕೊಂಡವೆಂದು ತಿಳಿಯಬಾರದು. ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರು ೧೮೯೪ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ ತೀರಿಕೊಂಡರು. ಆಗ ಅವರಿಗೆ ೩೧ ವರ್ಷ. ಇಂದು ಕೂಸುಗಳಿಗೆ ಹಾಕುವ ಲಸಿಕೆಯಿಂದ ತಡೆಯಬಹುದಾದ ರೋಗ ಒಬ್ಬ ಮಹಾರಾಜರನ್ನು ಕೊಂಡೊಯ್ದಿತು. ಅವರ ಮಗಳು ಕೃಷ್ಣಾಜಮ್ಮಣ್ಣಿಯವರು ಕ್ಷಯಕ್ಕೆ ತುತ್ತಾದರು. ೧೯೨೧ರಲ್ಲಿ ಮೈಸೂರಿನಲ್ಲಿ ಆರಂಭವಾದ ಕ್ಷಯರೋಗಿಗಳ ಆರೋಗ್ಯಧಾಮ ಅವರ ಹೆಸರನ್ನೇ ಹೊತ್ತಿದೆ. ಮಗ ನಾಲ್ವಡಿ ಕೃಷ್ಣರಾಜ ಒಡೆಯರು ೧೯೪೦ರ ಆಗಸ್ಟಿನಲ್ಲಿ ೫೬ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು. ತಂದೆಗೆ ಗಂಟಲಮಾರಿ, ಮಗಳಿಗೆ ಕ್ಷಯ, ಮಗನಿಗೆ ಹೃದ್ರೋಗ. ಇಡೀ ನಾಡು ಮುಂದೆ ನಡೆಯಲಿದ್ದ ದಾರಿಯನ್ನು ಆ ಒಂದು ಮನೆತನ ಐವತ್ತು ವರ್ಷಗಳೊಳಗೆ ನಡೆದು ತೋರಿಸಿದಂತಿದೆ.

ಆ ಹಳೆಯ ಮಾರಿಗಳು ಹೇಗೆ ಹಿಂದೆ ಸರಿದವು? ಪ್ರತಿಯೊಂದಕ್ಕೂ ಜನ ಕಾರಣ ಹುಡುಕಿದುದರಿಂದ ಸರಿದವು. ಸಿಡುಬನ್ನು ನಮ್ಮವರು ‘ಅಮ್ಮ’ ಎಂದು ಕರೆದು ಬೇವಿನ ಸೊಪ್ಪು ಕಟ್ಟಿ ತಣಿಸುತ್ತಿದ್ದರು. ಮೈಲಿ ಹಾಕುವವರು ಬಂದರೆಂದರೆ ಮಕ್ಕಳು ಕಣಜದ ಹಿಂದೆ ಅಡಗುತ್ತಿದ್ದರು. ಅದೇ ಮೈಲಿಯ ಬಲದಿಂದ ೧೯೭೫ರ ಮೇ ತಿಂಗಳಿನ ಬಳಿಕ ಭಾರತದಲ್ಲಿ ಸಿಡುಬಿನ ಪ್ರಕರಣ ಕಾಣಲಿಲ್ಲ. ೧೯೮೦ರಲ್ಲಿ ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಲಾಯಿತು. ಕಾಲರಾದ ಮೂಲ ನೀರಿನಲ್ಲಿದೆಯೆಂದು ತಿಳಿದ ಮೇಲೆ ಬಾವಿಗೆ ಕಟ್ಟೆ ಬಂದಿತು, ನಲ್ಲಿಯ ನೀರು ಬಂದಿತು. ಮಲೇರಿಯಾದ ಮೂಲ ಸೊಳ್ಳೆಯಲ್ಲಿದೆಯೆಂದು ತಿಳಿದ ಮೇಲೆ ೧೯೫೩ರಲ್ಲಿ ದೇಶವ್ಯಾಪಿ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಕ್ಷಯಕ್ಕೆ ಮನೆಯಲ್ಲಿಯೇ ಚಿಕಿತ್ಸೆ ನೀಡುವ ಕ್ರಮವನ್ನು ದೇಶಕ್ಕೆ ರೂಪಿಸಿಕೊಟ್ಟ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ೧೯೫೯ರಲ್ಲಿ ಬೆಂಗಳೂರಿನಲ್ಲಿಯೇ ಸ್ಥಾಪನೆಯಾಯಿತು. ಕರ್ನಾಟಕದಲ್ಲಿ ೨೦೦೧–೦೩ರಲ್ಲಿ ಲಕ್ಷ ಜೀವಂತ ಜನನಗಳಿಗೆ ೨೨೮ ತಾಯಂದಿರು ಸಾಯುತ್ತಿದ್ದರು. ೨೦೧೮–೨೦ರ ವೇಳೆಗೆ ಆ ಸಂಖ್ಯೆ ೬೯ಕ್ಕೆ ಇಳಿಯಿತು. ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷ ತುಂಬುವ ಮೊದಲೇ ಸಾಯುವವು ೨೦೨೦ರಲ್ಲಿ ೧೯. ಇವು ಇನ್ನೂ ಕಡಿಮೆಯಾಗಬೇಕು, ನಿಜ. ಆದರೂ ‘ಬಾಣಂತಿ ಸನ್ನಿ’ ಎಂಬ ಮಾತನ್ನು ನನ್ನ ತರಗತಿಯ ಮಕ್ಕಳಿಗೆ ಈಗ ಅರ್ಥ ಬಿಡಿಸಿ ಹೇಳಬೇಕಾಗಿದೆ. ಒಂದು ಪದ ನಿಘಂಟಿನ ಪಾಲಾದುದಕ್ಕೆ ಪಂಡಿತನೊಬ್ಬ ಸಂತೋಷಪಡುವ ಪ್ರಸಂಗ ಇದೊಂದೇ ಇರಬೇಕು.

ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ೧೯೦೭ರಲ್ಲಿ ಜನಿಸಿ ೨೦೧೯ರ ಜನವರಿಯಲ್ಲಿ ಲಿಂಗೈಕ್ಯರಾದರು. ಪ್ಲೇಗು ನಾಡನ್ನು ಕಾಡುತ್ತಿದ್ದ ಕಾಲದಲ್ಲಿ ಕಣ್ತೆರೆದು, ಇನ್‌ಫ್ಲುಯೆಂಜಾ, ಕಾಲರಾ, ಸಿಡುಬುಗಳ ಯುಗವನ್ನು ದಾಟಿ, ೧೧೧ ವರ್ಷಗಳ ತುಂಬು ಬಾಳನ್ನು ಅವರು ನಡೆಸಿದರು. ಅಂತಹ ಆಯುಷ್ಯ ಕೋಟಿಗೊಬ್ಬರಿಗೆ ದೊರೆಯುವಂಥದು. ಆದರೆ ಭಾರತೀಯರ ಸರಾಸರಿ ಆಯುಷ್ಯವೂ ೨೦೧೬–೨೦ರ ಲೆಕ್ಕದಲ್ಲಿ ೭೦ ವರ್ಷವನ್ನು ಮುಟ್ಟಿದೆ. ಪೂಜ್ಯರ ಬಾಲ್ಯದ ಕಾಲಕ್ಕೆ ಹೋಲಿಸಿದರೆ ಮೂರು ಪಟ್ಟಿಗಿಂತ ಹೆಚ್ಚಾಯಿತು.

ಹಾಗಾದರೆ ಇಂದು ನಾವು ಏತರಿಂದ ಸಾಯುತ್ತೇವೆ? ಭಾರತದ ಒಟ್ಟು ಮರಣಗಳಲ್ಲಿ ಒಬ್ಬರಿಂದೊಬ್ಬರಿಗೆ ಅಂಟದ ರೋಗಗಳ ಪಾಲು ೧೯೯೦ರಲ್ಲಿ ಶೇಕಡಾ ೩೮ರಷ್ಟಿತ್ತು. ೨೦೧೬ರಲ್ಲಿ ಶೇಕಡಾ ೬೨ರಷ್ಟಾಗಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯೂ ಇತರ ಸಂಸ್ಥೆಗಳೂ ಕೂಡಿ ೨೦೧೭ರಲ್ಲಿ ಪ್ರಕಟಿಸಿದ ವರದಿ ತಿಳಿಸುತ್ತದೆ. ಕರ್ನಾಟಕದ ಸ್ಥಿತಿಯೂ ಇದೇ ಜಾಡಿನದು. ನಮ್ಮ ರಾಜ್ಯದಲ್ಲಿ ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ರೋಗ ಮೊದಲ ಸ್ಥಾನದಲ್ಲಿದೆ. ಪಾರ್ಶ್ವವಾಯು, ಊರವರು ‘ದಮ್ಮು’ ಎನ್ನುವ ಶ್ವಾಸಕೋಶದ ದೀರ್ಘಕಾಲದ ಬೇನೆ, ಮಧುಮೇಹ, ಅರ್ಬುದ, ಮೂತ್ರಪಿಂಡದ ರೋಗ ಇವೆಲ್ಲ ಅದರ ಹಿಂದೆಮುಂದೆ ನಿಂತಿವೆ. ದಮ್ಮಿನ ಹಿಂದೆ ಗಂಡಸರ ಬೀಡಿಯ ಹೊಗೆಯಂತೆಯೇ ಹೆಂಗಸರು ಜೀವಮಾನವೆಲ್ಲ ಕುಡಿದ ಒಲೆಯ ಹೊಗೆಯೂ ಇದೆ. ಕ್ಷಯ ಇನ್ನೂ ಹೋಗಿಲ್ಲ. ಹೊಸ ಸಾಂಕ್ರಾಮಿಕಗಳೂ ಬರದಿಲ್ಲ. ಕೋವಿಡ್‌ನಿಂದ ಭಾರತದಲ್ಲಿ ಮೊದಲ ಮರಣ ಸಂಭವಿಸಿದುದು ೨೦೨೦ರ ಮಾರ್ಚಿನಲ್ಲಿ ನಮ್ಮ ಕಲಬುರಗಿಯಲ್ಲಿಯೇ. ರಾಜ್ಯದಲ್ಲಿ ಆ ರೋಗದಿಂದ ಸತ್ತವರ ಅಧಿಕೃತ ಸಂಖ್ಯೆ ೪೦ ಸಾವಿರವನ್ನು ದಾಟಿತು.

ರೋಗವಲ್ಲದ ಕಾರಣಗಳೂ ಇವೆ. ೨೦೨೨ರ ಒಂದೇ ವರ್ಷದಲ್ಲಿ ಕರ್ನಾಟಕದ ರಸ್ತೆಗಳಲ್ಲಿ ೧೧,೭೦೨ ಜನ ಮಡಿದರು. ಅದೇ ವರ್ಷ ರಾಜ್ಯದಲ್ಲಿ ೧೩,೬೦೬ ಜನ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಇವು ಪೊಲೀಸ್ ದಾಖಲೆಗಳಿಂದ ಬಂದ ಅಂಕಿಗಳು. ಈ ಎರಡೂ ಬಗೆಯ ಸಾವುಗಳಿಗೆ ಹೆಚ್ಚಾಗಿ ಗುರಿಯಾಗುವವರು ದುಡಿಯುವ ವಯಸ್ಸಿನವರು. ಶಾಲೆಯಿಂದ ಹೊರಹೋಗಿ ಹತ್ತೋ ಇಪ್ಪತ್ತೋ ವರ್ಷವಾದವರು ಎಂದರೆ ಈ ಸಂಚಿಕೆಯ ಓದುಗರಿಗೆ ಅದರ ಭಾರ ತಿಳಿಯುತ್ತದೆ.

ಹೆಸರಿಡುವ ಕೆಲಸದ ಮಾತನ್ನು ಆರಂಭದಲ್ಲಿ ಎತ್ತಿದ್ದೆ. ಅದು ಎಷ್ಟು ಗಂಭೀರವೆಂಬುದನ್ನು ನನಗೆ ಕಲಿಸಿದ್ದು ನನ್ನದೇ ತರಗತಿಯಲ್ಲಿ ಕುಳಿತಿದ್ದ ಒಬ್ಬ ಶಿಷ್ಯನ ಮರಣ. ಊರಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ, ವಯಸ್ಸು ನಲವತ್ತನಾಲ್ಕು. ಶ್ರೀಮಠದ ಜಾತ್ರೆಗೆ ತಪ್ಪದೆ ಬಂದು ದಾಸೋಹದಲ್ಲಿ ಬಡಿಸುತ್ತಿದ್ದವನು. ಒಂದು ರಾತ್ರಿ ಎದೆ ಹಿಡಿದಂತಾಗಿ ಬೆವರಿದನಂತೆ. ಎಡಭುಜ ಸೆಳೆಯುತ್ತದೆ ಎಂದು ಹೆಂಡತಿಗೆ ಹೇಳಿದನಂತೆ. ಮನೆಯವರೆಲ್ಲ ಸೇರಿ ಅದಕ್ಕೆ ‘ಗ್ಯಾಸ್ಟ್ರಿಕ್’ ಎಂದು ಹೆಸರಿಟ್ಟರು. ಸೋಡಾ ಕುಡಿಸಿದರು, ಓಮದ ಕಷಾಯ ಮಾಡಿಕೊಟ್ಟರು, ಬೆನ್ನು ನೀವಿದರು. ಪ್ರೀತಿಯಿಂದ ಮಾಡಬಹುದಾದುದನ್ನೆಲ್ಲ ಮಾಡಿದರು. ಬೆಳಗಿನ ಜಾವಕ್ಕೆ ಅವನಿರಲಿಲ್ಲ. ತಾಲ್ಲೂಕು ಆಸ್ಪತ್ರೆ ಆ ಊರಿಗೆ ಹನ್ನೆರಡು ಕಿಲೋಮೀಟರ್ ದೂರ. ಮನೆಯ ಮುಂದೆ ಅವನದೇ ಗಾಡಿ ನಿಂತಿತ್ತು. ದಾರಿಯೂ ವಾಹನವೂ ಮನೆಯ ಜನರೂ ಸಿದ್ಧವಿದ್ದರು, ಸರಿಯಾದ ಹೆಸರೊಂದು ಇರಲಿಲ್ಲ. ಅವನ ತಾಯಿ ನನ್ನನ್ನು ಕಂಡಾಗ ಹೇಳಿದ್ದು ಅದೇ ಗಾದೆ: ‘ಸಾವಿಗೊಂದು ನೆಪ ಮೇಷ್ಟ್ರೇ.’ ಆ ತಾಯಿಗೆ ಎದುರು ಹೇಳುವ ಕಾಲ ಅದಾಗಿರಲಿಲ್ಲ. ಆ ಮಾತನ್ನು ಇಲ್ಲಿ, ಇನ್ನೂ ಕಾಲಾವಕಾಶವಿರುವವರ ಮುಂದೆ, ಹೇಳಬೇಕಾಗಿದೆ.

ವೈದ್ಯಕೀಯ ಮರಣ ಪ್ರಮಾಣಪತ್ರದ ನಮೂನೆಯನ್ನು ನಾನು ಬಳಿಕ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯಾದ ಒಬ್ಬ ವೈದ್ಯರಿಂದ ಪಡೆದು ಓದಿದೆ. ತರ್ಕಶಾಸ್ತ್ರವನ್ನು ಸ್ವಲ್ಪ ಓದಿದವನಿಗೆ ಅದು ಪರಿಚಿತವೆನಿಸುತ್ತದೆ. ಅದರ ಮೊದಲ ಭಾಗದಲ್ಲಿ ಒಂದರ ಕೆಳಗೊಂದು ಸಾಲುಗಳಿವೆ. ಮೊದಲ ಸಾಲಿನಲ್ಲಿ ಮರಣಕ್ಕೆ ಅತ್ಯಂತ ಸಮೀಪದ ಕಾರಣ; ಅದರ ಕೆಳಗೆ ಅದನ್ನು ಉಂಟುಮಾಡಿದ ಕಾರಣ; ಎಲ್ಲಕ್ಕಿಂತ ಕೆಳಗೆ ಈ ಸರಪಳಿಯನ್ನೇ ಆರಂಭಿಸಿದ ಮೂಲಕಾರಣ. ಮೊದಲ ಸಾಲು ಮಿದುಳಿನಲ್ಲಿ ರಕ್ತಸ್ರಾವವೆಂದಿದ್ದರೆ ಕೆಳಗಿನದು ಬಹುಕಾಲದ ಅಧಿಕ ರಕ್ತದೊತ್ತಡವೆಂದಿರಬಹುದು. ಜನರ ಮರಣದ ಲೆಕ್ಕದಲ್ಲಿ ಎಣಿಕೆಗೆ ಬರುವುದು ಆ ಕೆಳಗಿನ ಸಾಲು. ನಮೂನೆಯಲ್ಲಿ ಒಂದು ಎಚ್ಚರಿಕೆಯೂ ಇದೆ: ಹೃದಯ ನಿಂತಿತು, ಉಸಿರು ನಿಂತಿತು ಎಂದು ಮರಣದ ರೀತಿಯನ್ನು ಬರೆಯಕೂಡದು, ಅದಕ್ಕೆ ಕಾರಣವಾದ ರೋಗವನ್ನು ಬರೆಯಬೇಕು.

ನೈಯಾಯಿಕರು ಇದನ್ನೇ ಮಡಕೆಯ ದೃಷ್ಟಾಂತದಿಂದ ಹೇಳುತ್ತಾರೆ. ಚಕ್ರವನ್ನು ತಿರುಗಿಸುವ ಕೋಲು ಮಡಕೆಗೆ ಕಾರಣ. ಕೋಲಿಗೆ ಒಂದು ಬಣ್ಣ ಯಾವಾಗಲೂ ಇದ್ದೇ ಇರುತ್ತದೆ. ಆದರೂ ಬಣ್ಣ ಕಾರಣವಲ್ಲ. ಮಣ್ಣು ಹೊತ್ತು ತಂದ ಕತ್ತೆಯೂ ಕಾರಣವಲ್ಲ. ಇವನ್ನು ಅವರು ಅನ್ಯಥಾಸಿದ್ಧವೆಂದು ಕರೆದು ಕಾರಣಗಳ ಪಂಕ್ತಿಯಿಂದ ಹೊರಗಿಟ್ಟರು. ‘ಹೃದಯ ನಿಂತು ಸತ್ತರು’ ಎಂಬುದು ಕೋಲಿನ ಬಣ್ಣದಂಥ ಮಾತು. ಸತ್ತವರೆಲ್ಲರ ಹೃದಯವೂ ನಿಂತೇ ಇರುತ್ತದೆ. ನಮ್ಮ ಪತ್ರಿಕೆಗಳು ಎರಡನ್ನೂ ಬೆರೆಸುವುದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ: ಹೃದಯಾಘಾತವೆಂದರೆ ಹೃದಯದ ರಕ್ತನಾಳ ಕಟ್ಟಿಕೊಂಡು ಮಾಂಸಖಂಡಕ್ಕೆ ರಕ್ತ ತಪ್ಪುವುದು, ಹೃದಯಸ್ತಂಭನವೆಂದರೆ ಹೃದಯ ಬಡಿಯುವುದನ್ನೇ ನಿಲ್ಲಿಸುವುದು. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ಆದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಹಲವು ವೇಳೆ ಕೆಲವು ಗಂಟೆಗಳ ಕಾಲಾವಕಾಶ ಇರುತ್ತದೆ, ಆ ಗಂಟೆಗಳಲ್ಲಿಯೇ ಪ್ರಾಣ ಉಳಿಸಲು ಸಾಧ್ಯ.

ಆದರೆ ಈ ನಮೂನೆ ತುಂಬುವುದು ಎಷ್ಟು ಜನರಿಗೆ? ೨೦೨೦ರಲ್ಲಿ ಭಾರತದಲ್ಲಿ ನೋಂದಣಿಯಾದ ಮರಣಗಳ ಪೈಕಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದುದು ಶೇಕಡಾ ೨೨.೫ರಷ್ಟಕ್ಕೆ ಮಾತ್ರ. ಹಾಗೆ ಪ್ರಮಾಣೀಕೃತವಾದವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಹೃದಯ ಮತ್ತು ರಕ್ತನಾಳಗಳ ರೋಗಗಳಿಂದ ಆದುವು. ಉಳಿದವರಲ್ಲಿ ಹೆಚ್ಚಿನವರು ಮನೆಯಲ್ಲಿ ಸತ್ತವರು. ಅವರ ಸಾವಿಗೆ ನಮ್ಮ ಹಳ್ಳಿಗಳಲ್ಲಿ ಕೇಳಿಬರುವ ಕಾರಣಗಳು ಬೆರಳೆಣಿಕೆಯಷ್ಟು: ‘ವಯಸ್ಸಾಗಿತ್ತು’, ‘ಜ್ವರ’, ‘ಎದೆನೋವು’, ‘ಹೊಟ್ಟೆನೋವು’. ಐವತ್ತೆರಡು ವರ್ಷದವರಿಗೂ ‘ವಯೋಸಹಜ’ ಎಂದದ್ದನ್ನು ನಾನು ಕೇಳಿದ್ದೇನೆ. ಹೊಟ್ಟೆನೋವು ತಾಳಲಾರದೆ ಪ್ರಾಣ ಕಳೆದುಕೊಂಡರೆಂಬ ವಾಕ್ಯವನ್ನು ಪತ್ರಿಕೆಗಳಲ್ಲಿ ಓದದವರಿಲ್ಲ. ಸಾಲವನ್ನೋ ಮನೆಯೊಳಗಿನ ಸಂಕಟವನ್ನೋ ಮನಸ್ಸಿನ ಬೇಗೆಯನ್ನೋ ಹೇಳಲಾರದ ಮನೆಯವರು ಆ ಪದದ ಹಿಂದೆ ಎಷ್ಟು ಸಲ ಅಡಗಿದ್ದಾರೋ ಬಲ್ಲವರು ಯಾರು? ಮನಸ್ಸಿನ ಬೇಗೆಗೆ ಸರಿಯಾದ ಹೆಸರು ಸಿಕ್ಕರೆ ಅದಕ್ಕೂ ಆಸರೆಯುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮುಂದಾಳ್ತನದಲ್ಲಿ ೨೦೨೨ರಲ್ಲಿ ಆರಂಭವಾದ ‘ಟೆಲಿ ಮಾನಸ್’ ದೂರವಾಣಿ ೧೪೪೧೬ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಹೆಸರಿಲ್ಲದ ಸಾವುಗಳಿಗೆ ಹೆಸರು ಕೊಡಲು ಸರ್ಕಾರವೂ ವಿದ್ವಾಂಸರೂ ಒಂದು ಉಪಾಯ ಕಂಡುಕೊಂಡಿದ್ದಾರೆ. ತರಬೇತಿ ಪಡೆದವರು ಸತ್ತವರ ಮನೆಗೆ ಹೋಗಿ, ಕೊನೆಯ ದಿನಗಳಲ್ಲಿ ಏನೇನಾಯಿತೆಂದು ಮನೆಯವರ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತಾರೆ. ವೈದ್ಯರು ಅದನ್ನು ಓದಿ ಕಾರಣವನ್ನು ನಿರ್ಣಯಿಸುತ್ತಾರೆ. ಮಾತಿನಿಂದಲೇ ನಡೆಯುವ ಮರಣೋತ್ತರ ಪರೀಕ್ಷೆಯಿದು. ಇಂತಹ ವಿಚಾರಣೆಯಿಂದ ೨೦೦೫ರ ಒಂದು ವರ್ಷದಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು ೪೬ ಸಾವಿರವೆಂಬುದು ೨೦೧೧ರಲ್ಲಿ ಬೆಳಕಿಗೆ ಬಂದಿತು. ಆಸ್ಪತ್ರೆಗಳ ಲೆಕ್ಕದಲ್ಲಿದ್ದುದು ಇದರ ಅತ್ಯಲ್ಪ ಭಾಗ ಮಾತ್ರ. ವಿಷವೈದ್ಯಕ್ಕಾಗಿಯೇ ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ಕವಿ ‘ಖಗೇಂದ್ರಮಣಿದರ್ಪಣ’ವೆಂಬ ಗ್ರಂಥವನ್ನು ರಚಿಸಿದ ನಾಡು ಕರ್ನಾಟಕ. ಹಾವಿನ ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣವೆಂದು ೨೦೨೪ರಲ್ಲಿ ಘೋಷಿಸಿದುದೂ ನಮ್ಮ ರಾಜ್ಯವೇ. ಲೆಕ್ಕಕ್ಕೆ ಬಂದ ಮೇಲೆ ಔಷಧ ಎಲ್ಲೆಲ್ಲಿ ಇರಬೇಕೆಂಬುದು ತಿಳಿಯುತ್ತದೆ.

ಹೃದ್ರೋಗದ ವಿಷಯದಲ್ಲಿಯೂ ಹೀಗೆಯೇ ಆಗಿದೆ. ೨೦೨೧ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ೪೬ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಾಡಿಗೆ ನಾಡೇ ಎದೆ ಮುಟ್ಟಿ ನೋಡಿಕೊಂಡಿತು. ೨೦೨೩ರಲ್ಲಿ ಅವರ ಹೆಸರಿನಲ್ಲಿಯೇ ‘ಹೃದಯಜ್ಯೋತಿ’ ಯೋಜನೆ ಆರಂಭವಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಹೃದಯದ ವಿದ್ಯುತ್ ರೇಖಾಚಿತ್ರವನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕೂಡಲೆ ಪರಿಶೀಲಿಸಿ ಹೇಳುತ್ತಾರೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಬೆಲೆಯುಳ್ಳ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ೨೦೨೫ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹರಡಿದಾಗ ಜನ ಗಾಬರಿಯಿಂದ ಹೃದ್ರೋಗ ಆಸ್ಪತ್ರೆಗಳಿಗೆ ಮುಗಿಬಿದ್ದರು. ಗಾಬರಿ ಒಂದು ತಿಂಗಳಿಗೆ ಇಳಿಯಿತು. ರಕ್ತದೊತ್ತಡ, ಸಕ್ಕರೆ, ತಂಬಾಕು ಈ ಮೂರೂ ಇದ್ದಲ್ಲಿಯೇ ಇವೆ.

ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಈ ವಿಚಾರವನ್ನು ಕೇಳಿ, “ಪಂಡಿತರೇ, ಲಿಂಗೈಕ್ಯರಾದವರ ರೋಗವನ್ನು ಕೆದಕುವುದು ಶರಣಧರ್ಮವೇ? ಮರಣಕ್ಕೆ ಅಂಜದವರು ನಮ್ಮ ಶರಣರು” ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ನುಡಿನಮನದ ಪುಟದಲ್ಲಿ ಲಿಂಗೈಕ್ಯವೆಂಬ ಪದವೇ ಇರತಕ್ಕದ್ದು; ಅದು ಜೀವದ ಗತಿಯನ್ನು ಹೇಳುವ ಸ್ಥಳ. ಆದರೆ ಊರಿನ ಮರಣದ ದಾಖಲೆ ದೇಹದ ಗತಿಯನ್ನು ಹೇಳುವ ಸ್ಥಳ. ಎರಡು ಪುಸ್ತಕಗಳಿಗೂ ಎರಡು ಭಾಷೆ ಬೇಕು. ಶರಣರು ಮರಣಕ್ಕೆ ಅಂಜಲಿಲ್ಲವೆಂಬುದು ದಿಟ. ಆದರೆ ಕಾಯವನ್ನು ಅವರು ಕಡೆಗಣಿಸಲೂ ಇಲ್ಲ. ಕಾಯವಿಲ್ಲದೆ ಕಾಯಕವಿಲ್ಲ, ಕಾಯಕವಿಲ್ಲದೆ ದಾಸೋಹವಿಲ್ಲ. ನಲವತ್ತನಾಲ್ಕಕ್ಕೆ ಕಾಯಕ ನಿಂತರೆ ಅದರ ಹಿಂದೆ ಒಂದು ಮನೆಯೇ ನಿಲ್ಲುತ್ತದೆ.

ಈ ಬಳಗ ಮಾಡಬಹುದಾದುದು ಬೆಟ್ಟದಷ್ಟು ದೊಡ್ಡದಲ್ಲ. ಮನೆಯಲ್ಲಿ ಮರಣ ಸಂಭವಿಸಿ ೨೧ ದಿನಗಳೊಳಗೆ ನೋಂದಣಿ ಮಾಡಿಸುವುದು ೧೯೬೯ರ ಕಾಯಿದೆಯಂತೆ ನಮ್ಮ ಕರ್ತವ್ಯ. ಆಗ ಕಾರಣವನ್ನು ಕೇಳಿದರೆ ಸಂಕೋಚಪಡದೆ, ಇದ್ದ ರೋಗಗಳನ್ನೂ ಕೊನೆಯ ದಿನಗಳ ಲಕ್ಷಣಗಳನ್ನೂ ಇದ್ದಂತೆ ಹೇಳೋಣ. ಆ ದೊಡ್ಡ ನಷ್ಟದಲ್ಲಿಯೂ ಅದು ಬದುಕಿರುವವರಿಗೆ ಮಾಡಿದ ದಾಸೋಹವಾಗುತ್ತದೆ. ಅಧ್ಯಾಪಕ ಮಿತ್ರರು ಮೂವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಲಿ. ರಕ್ತದೊತ್ತಡವೆಂಬುದು ನೋವು ಕೊಡದೆ ಒಳಗೆ ಕುಳಿತಿರುವ ಶತ್ರು. ಅಳೆಯದೆ ಅದು ಕಾಣದು. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ಜಾತ್ರೆಯ ದಿನ ದಾಸೋಹದ ಮನೆಯ ಪಕ್ಕದಲ್ಲಿ ಒಂದು ಮೇಜು ಹಾಕಿ ಕುಳಿತರೆ ಸಾಕು. ಪ್ರಸಾದಕ್ಕೆ ಬಂದವರು ತೋಳು ನೀಡಿ ಹೋಗುತ್ತಾರೆ. ದಾನಿಗಳು ಅದಕ್ಕೆ ಬೇಕಾದ ಉಪಕರಣಗಳನ್ನು ಕೊಡಿಸಲಿ. ಎದೆ ಹಿಡಿದು ಬೆವರಿದರೆ, ನೋವು ಭುಜಕ್ಕೋ ದವಡೆಗೋ ಹರಿದರೆ, ಅದಕ್ಕೆ ಗ್ಯಾಸ್ಟ್ರಿಕ್ ಎಂದು ಹೆಸರಿಡುವ ಮೊದಲು ೧೦೮ಕ್ಕೆ ಕರೆ ಮಾಡಬೇಕೆಂಬುದನ್ನು ನಮ್ಮ ಹತ್ತನೆಯ ತರಗತಿಯ ಪ್ರತಿ ವಿದ್ಯಾರ್ಥಿಯೂ ಮನೆಗೆ ಹೋಗಿ ಹೇಳುವಂತಾಗಲಿ. ಮೈಲಿ ಹಾಕಿಸಿಕೊಳ್ಳಿರೆಂದು ಹಿಂದೊಮ್ಮೆ ಊರೂರಿಗೆ ಹೇಳಿದವರಲ್ಲಿ ಶಾಲಾ ಮೇಷ್ಟ್ರುಗಳೂ ಇದ್ದರು. ಆ ಕೆಲಸದ ಸರದಿ ಈಗ ನಮ್ಮದು.

ಹುಟ್ಟಿದವರೆಲ್ಲ ಒಂದು ದಿನ ಬಯಲಾಗಲೇಬೇಕು; ಅದನ್ನು ತಪ್ಪಿಸುವ ವಿದ್ಯೆ ಯಾವ ಶಾಲೆಯಲ್ಲಿಯೂ ಇಲ್ಲ. ಕಾಲಕ್ಕೆ ಮೊದಲೇ ಆಗುವ ಮರಣಕ್ಕೆ ಮಾತ್ರ ಕಾರಣವಿದೆ, ಆ ಕಾರಣಕ್ಕೆ ಹೆಸರಿದೆ, ಹೆಸರು ತಿಳಿದವರಿಗೆ ಹಲವು ವೇಳೆ ಮದ್ದೂ ಇದೆ. ಶಾಲೆಯ ಮಕ್ಕಳೂ ಅಧ್ಯಾಪಕರೂ ದಾನಿ ಮಹನೀಯರೂ ತುಂಬು ಆಯುಷ್ಯವನ್ನು ಕಾಯಕದಲ್ಲಿ ಸವೆಸಿ, ಮಾಗಿದ ಹಣ್ಣು ತೊಟ್ಟು ಕಳಚುವಂತೆ ಲಿಂಗದಲ್ಲಿ ಐಕ್ಯರಾಗುವ ಭಾಗ್ಯವನ್ನು ಶ್ರೀಮಠದ ಕರ್ತೃ ಗುರುಗಳು ಕರುಣಿಸಲಿ ಎಂದು ಪ್ರಾರ್ಥಿಸಿ, ಸರ್ವರಿಗೂ ಶರಣು ಶರಣಾರ್ಥಿಗಳನ್ನು ಸಲ್ಲಿಸುತ್ತೇನೆ.